ಎಸ್ಸೆಸ್ಸೆಲ್ಸಿ ಮುಗಿಸಿದ ಮಗನನ್ನು ಕಟ್ಟಡದ ಕೆಲಸಕ್ಕೆ ಹಾಕಬಹುದೇ?

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಗಳಲ್ಲಿ ಮನೆ ಕಟ್ಟುವ ಕೆಲಸ ವಹಿಸಿಕೊಳ್ಳುವ ನನ್ನಲ್ಲಿ ಪ್ರತಿ ವರ್ಷ ಪರೀಕ್ಷೆಯ ಫಲಿತಾಂಶ ಬಂದ ಮೇಲೆ ಹಲವು ತಂದೆ ತಾಯಂದಿರು ಒಂದೇ ಪ್ರಶ್ನೆ ಕೇಳುತ್ತಾರೆ: "ಮಗನಿಗೆ ಪುಸ್ತಕದಲ್ಲಿ ಮನಸ್ಸಿಲ್ಲ, ಕೈಕೆಲಸದಲ್ಲಿ ಚುರುಕು. ನಿಮ್ಮ ಸೈಟಿಗೆ ಕಳಿಸಲೇ, ಐಟಿಐಗೆ ಸೇರಿಸಲೇ?" ಮೊದಲು ಐಟಿಐ, ಆಮೇಲೆ ಕರಾರುಪತ್ರ ಮಾಡಿಸಿಕೊಂಡು ಸೈಟಿನಲ್ಲಿ ಕೆಲಸ ಕಲಿಯುವ ಅಪ್ರೆಂಟಿಸ್, ಇದೇ ನನ್ನ ಉತ್ತರ. ನೇರವಾಗಿ ಕೈಯಾಳಾಗಿ ಕಳಿಸುವುದು ಬೇಡ, ನನ್ನ ಸೈಟಿಗೂ ಬೇಡ.

ಈ ಉತ್ತರ ಹೆಚ್ಚಿನವರಿಗೆ ರುಚಿಸುವುದಿಲ್ಲ, ಅದಕ್ಕೆ ಕಾರಣವೂ ಇದೆ. 2019ರಲ್ಲಿ ತಿದ್ದುಪಡಿಯಾದ ಅಪ್ರೆಂಟಿಸ್ ನಿಯಮಗಳು ಹತ್ತನೆಯ ತರಗತಿ ಪಾಸಾದ ಅಪ್ರೆಂಟಿಸ್‌ಗೆ ತಿಂಗಳಿಗೆ ಕನಿಷ್ಠ 6000 ರೂಪಾಯಿ, ಐಟಿಐ ಪ್ರಮಾಣಪತ್ರ ಇದ್ದವನಿಗೆ 7000 ರೂಪಾಯಿ ಸ್ಟೈಪೆಂಡ್ ಎಂದು ಗೊತ್ತುಮಾಡಿದವು. ನಮ್ಮ ಜಿಲ್ಲೆಯಲ್ಲಿ ಕಲ್ಲು ಹೊರುವ ಕೈಯಾಳು ಅದಕ್ಕಿಂತ ಎಷ್ಟೋ ಹೆಚ್ಚು ದುಡಿಯುತ್ತಾನೆ. ಮನೆಯ ಸಾಲ, ತಂಗಿಯ ಮದುವೆ ಕಣ್ಣೆದುರಿಗಿರುವಾಗ ಕಡಿಮೆ ದುಡ್ಡಿನ ದಾರಿ ಹಿಡಿ ಎಂದು ಹೇಳುವುದು ನನಗೂ ಸುಲಭವಲ್ಲ. ಆದರೆ ಕೈಯಾಳಿಗೆ ಕೂಲಿ ಕೊಡುವುದು ಅವನು ಹೊರುವ ಭಾರಕ್ಕೆ. ಚೆನ್ನಾಗಿ ಹೊರುವವನನ್ನು ಆ ಕೆಲಸದಿಂದ ಬಿಡಿಸಿ ಕೈಗೆ ಕರಣೆ ಕೊಡಬೇಕೆಂಬ ಕಟ್ಟುಪಾಡು ಯಾರಿಗೂ ಇಲ್ಲ.

ನಮ್ಮೂರಿನ ಕೆಂಪುಕಲ್ಲಿನ ಗೋಡೆಯ ಕೆಲಸವನ್ನು ಹತ್ತಿರದಿಂದ ನೋಡಿದವರಿಗೆ ಇದು ಅರ್ಥವಾಗುತ್ತದೆ. ಕೋರೆಯಿಂದ ಕಡಿಯುವಾಗ ಮೆದುವಾಗಿರುವ ಈ ಕಲ್ಲು ಗಾಳಿ ಬಿಸಿಲಿಗೆ ಒಡ್ಡಿದಂತೆ ಗಟ್ಟಿಯಾಗುತ್ತದೆ, ಆದರೆ ಮೈತುಂಬ ತೂತುಗಳಿರುವುದರಿಂದ ನೀರನ್ನು ಎಳೆದುಕೊಳ್ಳುತ್ತಲೇ ಇರುತ್ತದೆ. ಒಣಕಲ್ಲನ್ನು ಹಾಗೆಯೇ ಇಟ್ಟರೆ ಅದು ಗಾರೆಯಲ್ಲಿರುವ ನೀರನ್ನು ಕುಡಿದು, ಸಿಮೆಂಟು ಪೂರ್ತಿ ಕಚ್ಚಿಕೊಳ್ಳುವ ಮೊದಲೇ ಸಂದು ಪುಡಿಪುಡಿಯಾಗುತ್ತದೆ. ಅದಕ್ಕಾಗಿಯೇ ಕಲ್ಲನ್ನು ಮೊದಲು ನೆನೆಸುವುದು. ಕೈಯಾಳಿಗೆ "ಕಲ್ಲಿಗೆ ನೀರು ಹಾಕು" ಎಂಬ ಮಾತು ದಿನಾ ಕೇಳುತ್ತದೆ, ಯಾಕೆ ಎಂಬುದು ಕೇಳುವುದಿಲ್ಲ. ಮೇಸ್ತ್ರಿಯು ಮೊದಲು ಮೂಲೆ ಕೂಡಿಸುತ್ತಾನೆ: ಎರಡು ದಿಕ್ಕಿಗೆ ದಾರ ಕಟ್ಟಿ, ಒಂದರಲ್ಲಿ 3 ಅಡಿ, ಇನ್ನೊಂದರಲ್ಲಿ 4 ಅಡಿ ಗುರುತು ಮಾಡಿ, ಆ ಎರಡು ಗುರುತುಗಳ ನಡುವೆ ಓರೆಯಾಗಿ ಅಳೆದಾಗ ಸರಿಯಾಗಿ 5 ಅಡಿ ಬಂದರೆ ಮೂಲೆ ನೇರ, ದೊಡ್ಡ ಕೋಣೆಗೆ 6, 8, 10. ಮೂಲೆಕಲ್ಲುಗಳನ್ನು ತೂಕದ ಗುಂಡು ಮತ್ತು ರಸಮಟ್ಟಕ್ಕೆ ಕೂಡಿಸಿ ನಡುವೆ ದಾರ ಎಳೆದ ಮೇಲೆ, ಕಲಿಯುವವನಿಗೆ ಆ ದಾರದ ಗುಂಟ ನಡುಗಲ್ಲು ಇಡಲು ಕೊಡಬೇಕು. ಕೆಳವರಿಸೆಯ ಸಂದಿನ ಮೇಲೆ ಮೇಲ್ವರಿಸೆಯ ಸಂದು ಬೀಳದಂತೆ ನೋಡುವುದು, ಸಂದಿಗೆ ಎಷ್ಟು ಗಾರೆ ಹಿಡಿಯುತ್ತದೆಂದು ತಿಳಿಯುವುದು, ಇವೆಲ್ಲ ಕೈಗೆ ಹತ್ತಿದ ಮೇಲೆಯೇ ಮೂಲೆ ಒಪ್ಪಿಸುವುದು. ಕಲ್ಲು ಹೊತ್ತು ತರುವ ಹುಡುಗ ವರ್ಷಗಟ್ಟಲೆ ಅದೇ ಮೂಲೆಯ ಪಕ್ಕದಲ್ಲಿ ನಿಂತಿದ್ದರೂ ದಾರದ ತುದಿ ಅವನ ಕೈಗೆ ಬರುವುದಿಲ್ಲ.

ಕಲಿಸುವ ಹೊಣೆ ಒಬ್ಬರ ಮೇಲೆ ಬೀಳುವುದು ಬರೆಹದ ಕರಾರಿನಿಂದ. 1961ರ ಅಪ್ರೆಂಟಿಸ್ ಕಾಯ್ದೆಯ ಬಲ ಇರುವುದು ಇಲ್ಲಿಯೇ. ಅದರಂತೆ ಕರಾರು ನೋಂದಣಿಯಾಗಬೇಕು, ಕೈಕೆಲಸದ ಜೊತೆಗೆ ಅದಕ್ಕೆ ಸಂಬಂಧಿಸಿದ ಪಾಠವೂ ನಡೆಯಬೇಕು. ಇಷ್ಟು ಕೆಲಸಕ್ಕೆ ಇಷ್ಟು ಎಂಬ ಲೆಕ್ಕದಲ್ಲಿ ಅಪ್ರೆಂಟಿಸ್‌ಗೆ ಹಣ ಕೊಡುವಂತಿಲ್ಲ. ನನ್ನ ದೃಷ್ಟಿಯಲ್ಲಿ ಇದು ಬಹಳ ದೊಡ್ಡ ರಕ್ಷಣೆ, ಏಕೆಂದರೆ ಕಲಿಯುವವನಿಗೆ ನಿಧಾನವಾಗಿ ಮಾಡುವ, ಕೆಟ್ಟದ್ದನ್ನು ಬಿಚ್ಚಿ ಮತ್ತೆ ಕಟ್ಟುವ ಅವಕಾಶ ಇರಲೇಬೇಕು. ಕೆಲಸದ ವೇಳೆ ಗಾಯವಾದರೆ ಪರಿಹಾರದ ಹೊಣೆ ಮಾಲಿಕನದು. ತರಬೇತಿ ಮುಗಿದ ಮೇಲೆ ಅಲ್ಲಿಯೇ ಕೆಲಸ ಕೊಡಬೇಕೆಂಬ ಕಡ್ಡಾಯ ಸಾಮಾನ್ಯವಾಗಿ ಇಲ್ಲ ಎಂಬುದನ್ನೂ ತಿಳಿದಿರಬೇಕು. 30 ಅಥವಾ ಹೆಚ್ಚು ಜನರಿರುವ ಸಂಸ್ಥೆಗಳು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. 4ರಿಂದ 29 ಜನರಿರುವವರು ಇಚ್ಛೆಯಿದ್ದರೆ ತೆಗೆದುಕೊಳ್ಳಬಹುದು. ಆದ್ದರಿಂದ ನಮ್ಮಂಥ ಸಣ್ಣ ಗುತ್ತಿಗೆದಾರರನ್ನು ಕೇಳಲು ಹಿಂಜರಿಯಬೇಡಿ. ಕೊಲ್ಲಂ ಜಿಲ್ಲೆಯ ಚವರದಲ್ಲಿ ಕಟ್ಟಡ ವಿದ್ಯೆಗಾಗಿಯೇ ಒಂದು ಸಂಸ್ಥೆ ಇದೆ. ತಲಪಾಡಿಯಿಂದ ಚೆರ್ಕಳ ಸಮೀಪದ ಚೆಂಗಳದವರೆಗೆ ನಮ್ಮ ಹೆದ್ದಾರಿಯನ್ನು ಆರು ಪಥ ಮಾಡುವ ಗುತ್ತಿಗೆ ಹಿಡಿದ ಊರಾಳುಂಗಲ್ ಕಾರ್ಮಿಕ ಸಹಕಾರಿ ಸಂಘವೇ ಅದನ್ನು ನಡೆಸುತ್ತದೆ. ಮನೆಯಿಂದ ದೂರ ಹೋಗಲು ಸಿದ್ಧನಿರುವ ಹುಡುಗ ಅಲ್ಲಿಯೂ ವಿಚಾರಿಸಬಹುದು.

ವಯಸ್ಸಿನ ವಿಷಯದಲ್ಲಿ ನಾನು ರಾಜಿಯಾಗುವುದಿಲ್ಲ. ಕಾಯ್ದೆಯಲ್ಲಿ ಅಪ್ರೆಂಟಿಸ್ ಆಗಲು ಕನಿಷ್ಠ ವಯಸ್ಸು 14 ಎಂದಿದ್ದರೂ ಅಪಾಯಕಾರಿ ಉದ್ಯಮಗಳಿಗೆ ಅದು 18. ಸಾರ (ನಿಂತು ಕೆಲಸ ಮಾಡುವ ಅಟ್ಟಳಿಗೆ) ಕಟ್ಟಿ ಎತ್ತರದಲ್ಲಿ ಮಾಡುವ ಕೆಲಸಕ್ಕೆ ಎಳೆಯ ಹುಡುಗನನ್ನು ಹತ್ತಿಸಲು ನನಗೆ ಮನಸ್ಸು ಬಾರದು. ಹದಿನಾರಕ್ಕೆ ಎಸ್ಸೆಸ್ಸೆಲ್ಸಿ ಮುಗಿಸಿದವನಿಗೆ ನಡುವಿನ ಎರಡು ವರ್ಷಗಳಿಗೆ ಐಟಿಐ ಸರಿಯಾಗಿ ಹೊಂದುತ್ತದೆ. ಜಿಲ್ಲಾ ಕೇಂದ್ರದ ವಿದ್ಯಾನಗರದಲ್ಲಿಯೇ ಸರಕಾರಿ ಐಟಿಐ ಇದೆ. ಐಟಿಐಗಳಲ್ಲಿ ಎಲೆಕ್ಟ್ರಿಷಿಯನ್ ಕೋರ್ಸು 2 ವರ್ಷ, ಪ್ಲಂಬರ್ ಮತ್ತು ವೆಲ್ಡರ್ 1 ವರ್ಷ.

ಯಾವ ಕಸುಬು ಎಂದರೆ, ಹುಡುಗನ ಒಲವು ಮೊದಲು, ನಮ್ಮ ಮಳೆಗಾಲ ಆಮೇಲೆ. ಜೂನ್‌ನಿಂದ ಪಂಚಾಂಗದ (ಅಡಿಪಾಯದ) ಕೆಲಸ, ಹೊರಗೋಡೆಯ ಕೆಲಸ ಬಹುಮಟ್ಟಿಗೆ ನಿಲ್ಲುತ್ತದೆ. ವಯರಿಂಗ್, ಪ್ಲಂಬಿಂಗ್, ಟೈಲ್ಸ್, ಮರಗೆಲಸ ಒಳಗೆ ನಡೆಯುತ್ತಲೇ ಇರುತ್ತದೆ. ವಯರಿಂಗ್ ಹಿಡಿಯುವವನಿಗೆ ಕೇರಳದ ವಿದ್ಯುತ್ ಲೈಸೆನ್ಸಿಂಗ್ ಮಂಡಳಿಯ ವಯರ್‌ಮ್ಯಾನ್ ಪರ್ಮಿಟ್ ಬೇಕು. ಹೆಣ್ಣುಮಕ್ಕಳ ಬಗ್ಗೆ ಈ ಪ್ರಶ್ನೆ ಕೇಳುವವರೇ ಕಡಿಮೆ, ಅದು ನನಗೆ ಬೇಸರದ ಸಂಗತಿ. ನಕ್ಷೆ ಬರೆಯುವ ಸಿವಿಲ್ ಡ್ರಾಫ್ಟ್ಸ್‌ಮನ್, ಸರ್ವೆಯರ್ ಕೋರ್ಸುಗಳು ಅವರಿಗೂ ತೆರೆದಿವೆ.

ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮ ಮಕ್ಕಳಿಗೆ ಮಲಯಾಳದ ಪಾಠ ಮೊದಲ ತಿಂಗಳುಗಳಲ್ಲಿ ಭಾರವಾಗುತ್ತದೆ, ಅನೇಕರು ಆಗಲೇ ಬಿಟ್ಟು ಬರುತ್ತಾರೆ. ಬಿಡಿಸಬೇಡಿ. ರಜೆಯಲ್ಲಿಯೇ ಅಳತೆ, ಭಿನ್ನರಾಶಿ, ಚದರಡಿ, ಘನ ಅಡಿಯ ಲೆಕ್ಕ ಗಟ್ಟಿ ಮಾಡಿಸಿ, ಒಂದು ಮನೆಯ ನಕ್ಷೆಯನ್ನು ಕೈಗೆ ಕೊಟ್ಟು ಬಾಗಿಲು, ಕಿಟಕಿ, ಗೋಡೆಯ ದಪ್ಪವನ್ನು ಓದಲು ಕಲಿಸಿದರೆ ಭಾಷೆಯ ತೊಡಕು ಅರ್ಧಕ್ಕರ್ಧ ಇಳಿಯುತ್ತದೆ.

ಕರಾರಿಗೆ ಸಹಿ ಹಾಕುವ ಮೊದಲು ತಂದೆಯಾದವರು ಒಮ್ಮೆ ಆ ಸೈಟಿಗೆ ಹೋಗಿ ನಿಂತು ನೋಡಬೇಕು. ಮೇಲೆ ಹತ್ತಿದವರ ತಲೆಯಲ್ಲಿ ಹೆಲ್ಮೆಟ್ ಇದೆಯೇ, ಸಾರಕ್ಕೆ ಅಡ್ಡಕಟ್ಟು ಇದೆಯೇ ಎಂದು ಗಮನಿಸಿ, ಹಿಂದಿನ ವರ್ಷ ಅಲ್ಲಿ ಕಲಿಯಲು ಬಂದ ಹುಡುಗ ಈಗ ಯಾವ ಕೆಲಸ ಮಾಡುತ್ತಿದ್ದಾನೆ ಎಂದು ಮೇಸ್ತ್ರಿಯನ್ನು ಕೇಳಬೇಕು. ಆ ಹುಡುಗ ಈಗಲೂ ಕಲ್ಲು ಹೊರುತ್ತಿದ್ದರೆ ಬೇರೆ ಸೈಟು ಹುಡುಕಿ.