ಅಜ್ಜಿ ಸತ್ತರೆ ಪುರಾವೆ ತರಬೇಕು

"ಅಮ್ಮಾ, ಅಜ್ಜಿ ಸತ್ತುಹೋದ್ರೆ ಪ್ರೂಫ್ ಕೊಡಬೇಕಂತೆ," ಅಂದಳು ಮಗಳು, ಲ್ಯಾಪ್‌ಟಾಪಿನಿಂದ ಕಣ್ಣು ತೆಗೆಯದೆ.

ಸಾರಿಗೆ ಒಗ್ಗರಣೆ ಹಾಕುತ್ತಿದ್ದವಳಿಗೆ ಕೈ ನಿಂತೇಹೋಯಿತು. ಯಾಕೆಂದರೆ ಎದುರಿಗೇ, ಸಕ್ಕರೆ ಡಬ್ಬಿಗೆ ಒರಗಿಸಿಟ್ಟಿದ್ದ ಫೋನಿನಲ್ಲಿ ಅಜ್ಜಿ ಸಾಕ್ಷಾತ್ ಕೂತಿದ್ದಳು. ನಾವಿರುವ ಅಮೆರಿಕದ ಓಹಾಯೊದಲ್ಲಿ ರಾತ್ರಿ ಎಂಟು ಅಂದರೆ ತೀರ್ಥಹಳ್ಳಿಯಲ್ಲಿ ಬೆಳಗಿನ ಐದೂವರೆ. ನನ್ನ ಅಮ್ಮ ಎದ್ದು ಡಿಕಾಕ್ಷನ್ ಹಾಕಿ ನಮ್ಮ ಜೊತೆ ಮಾತಿಗೆ ಕೂರುವ ಹೊತ್ತು. ಕಿವಿ ಮಂದವಾಗಿದೆ ಅಂತ ವರ್ಷದಿಂದ ಹೇಳುತ್ತಿದ್ದಾಳೆ, ಆದರೆ ಇಂಥ ಮಾತು ಒಂದೂ ತಪ್ಪುವುದಿಲ್ಲ.

"ಪರೀಕ್ಷೆ ಯಾವತ್ತು ಅಂತ ಮೊದ್ಲೇ ಹೇಳಿಬಿಡು ಪುಟ್ಟಿ," ಅಂದಳು. "ರಜೆ ನೋಡ್ಕೊಂಡು ಹೊರಡ್ತೀನಿ."

ಮಗಳು ಈ ವರ್ಷ ವಿಶ್ವವಿದ್ಯಾಲಯ ಸೇರಿದ್ದಾಳೆ. ಮೊದಲ ಸೆಮಿಸ್ಟರಿನಲ್ಲೇ ಬಯಾಲಜಿ. ಇಲ್ಲಿ ತರಗತಿಯ ಮೊದಲ ದಿನವೇ ಪ್ರತಿಯೊಬ್ಬರ ಕೈಗೂ ಒಂದು ಸಿಲಬಸ್ ಬರುತ್ತದೆ. ಅವಳದು ಹದಿನಾಲ್ಕು ಪುಟ. ಅದರಲ್ಲಿ ಜೀವಕೋಶ, ಡಿಎನ್ಎ, ವಿಕಾಸ ಎಲ್ಲ ಸೇರಿ ಒಂದೂವರೆ ಪುಟ ಇರಬಹುದು. ಮಿಕ್ಕಿದ್ದೆಲ್ಲ ಕಟ್ಟಳೆ. ನಾಲ್ಕು ಕ್ರೆಡಿಟ್ಟಿನ ಕೋರ್ಸಿಗೆ ತರಗತಿಯ ಹೊರಗೆ ವಾರಕ್ಕೆ ಎಂಟರಿಂದ ಹನ್ನೆರಡು ಗಂಟೆ ಓದಬೇಕು. ಅಸೈನ್‌ಮೆಂಟ್ ತಡವಾದರೆ ದಿನಕ್ಕೆ ಶೇ 10 ಅಂಕ ಕಡಿತ. ಕ್ವಿಜ್‌ಗಳಲ್ಲಿ ಅತಿ ಕಡಿಮೆ ಬಂದ ಎರಡನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಎರಡಕ್ಕಿಂತ ಹೆಚ್ಚು ಲ್ಯಾಬ್ ತಪ್ಪಿಸಿದರೆ ಇಡೀ ಕೋರ್ಸೇ ಫೇಲು. ಲ್ಯಾಬಿಗೆ ಚಪ್ಪಲಿ ಹಾಕಿಕೊಂಡು ಬರುವಂತಿಲ್ಲ, ಬೆರಳು ಮುಚ್ಚುವ ಬೂಟೇ ಆಗಬೇಕು. ಉದ್ದ ಕೂದಲು ಕಟ್ಟಿರಬೇಕು. ಚಾಟ್‌ಜಿಪಿಟಿಯನ್ನು ಯಾವುದಕ್ಕೆ ಕೇಳಬಹುದು, ಯಾವುದಕ್ಕೆ ಕೇಳಿದರೆ ಕಳ್ಳತನ ಅನ್ನುವುದಕ್ಕೇ ಮುಕ್ಕಾಲು ಪುಟ. ಪ್ರೊಫೆಸರಿಗೆ ಇಮೇಲ್ ಬರೆದರೆ ಎಷ್ಟು ಗಂಟೆಯಲ್ಲಿ ಉತ್ತರ ಬರುತ್ತದೆ, ಶನಿವಾರ ಭಾನುವಾರ ಯಾಕೆ ಬರುವುದಿಲ್ಲ ಅನ್ನುವುದೂ ಉಂಟು.

ಹತ್ತನೇ ಪುಟದಲ್ಲಿ ಸಾವು. ಹತ್ತಿರದ ಸಂಬಂಧಿಕರು ತೀರಿಕೊಂಡರೆ ಮೂರು ದಿನದ ವಿನಾಯಿತಿ. ಅಜ್ಜ ಅಜ್ಜಿಯೂ ಆ ಪಟ್ಟಿಯಲ್ಲಿದ್ದಾರೆ. ಪತ್ರಿಕೆಯಲ್ಲಿ ಬಂದ ನಿಧನವಾರ್ತೆಯನ್ನೋ ಅಂತ್ಯಕ್ರಿಯೆ ನಡೆಸಿದ ಸಂಸ್ಥೆಯ ಪತ್ರವನ್ನೋ ಒಪ್ಪಿಸಬೇಕು. ಆಗ ತಪ್ಪಿದ ಪರೀಕ್ಷೆಯ ಅಂಕವನ್ನು ಕೊನೆಯ ಪರೀಕ್ಷೆಗೆ ಸೇರಿಸಿ ಎಣಿಸುತ್ತಾರೆ.

ಮೂರು ದಿನ! ಇಲ್ಲಿಂದ ವಿಮಾನ ಹಿಡಿದು ಬೆಂಗಳೂರಲ್ಲಿ ಇಳಿದು, ಅಲ್ಲಿಂದ ರಾತ್ರಿ ಬಸ್ಸಿಗೆ ತೀರ್ಥಹಳ್ಳಿ ಮುಟ್ಟುವಷ್ಟರಲ್ಲಿ ಅದು ಮುಗಿದಿರುತ್ತದೆ. ನಮ್ಮಲ್ಲಿ ಹತ್ತು, ಹನ್ನೊಂದು, ಹನ್ನೆರಡು ಅಂತ ಕ್ರಿಯೆಗಳಿವೆ, ಹದಿಮೂರಕ್ಕೆ ಶುಭಸ್ವೀಕಾರ. ಇದನ್ನು ಮಗಳಿಗೆ ವಿವರಿಸಲು ಹೊರಟರೆ ಅಮ್ಮನ ಚಿಂತೆಯೇ ಬೇರೆ. "ಪೇಪರಲ್ಲಿ ಹಾಕ್ಸೋಕೆ ದುಡ್ಡು ದಂಡ ಮಾಡ್ಬೇಡಿ. ವೈಕುಂಠ ಸಮಾರಾಧನೆ ಕಾರ್ಡು ಹೇಗಿದ್ರೂ ಅಚ್ಚು ಹಾಕಿಸ್ತಾರಲ್ಲ, ಅದನ್ನೇ ಕಳಿಸಿದ್ರೆ ಆಗಲ್ವಾ?"

"ಡೆತ್ ಸರ್ಟಿಫಿಕೇಟೇ ಸಿಗತ್ತಲ್ಲಮ್ಮ," ಅಂತ ಬಾಯಿ ತಪ್ಪಿ ನಾನೂ ಸೇರಿಕೊಂಡೆ.

"ಗ್ರಾಮ ಲೆಕ್ಕಿಗರು ಕೈಗೆ ಸಿಗೋದ್ರೊಳಗೆ ಇವಳ ಡಿಗ್ರೀನೇ ಮುಗಿದಿರತ್ತೆ," ಅಂದಳು ಅಮ್ಮ.

ಮಗಳು ಮಾತ್ರ ನಗಲಿಲ್ಲ. "ಅಳ್ತಾ ಇರೋರ ಹತ್ರ ಡಾಕ್ಯುಮೆಂಟ್ ಕೇಳೋದು ಕ್ರೂರ ಅಲ್ವಾ? ಇಂಡಿಯಾದಲ್ಲಿ ಹೀಗೆಲ್ಲ ಕೇಳ್ತಾರಾ? ನಂಬ್ತಾರೆ ತಾನೆ?" ಅಂದಳು. ಬೇಸಿಗೆ ರಜೆಯಲ್ಲಿ ಒಂದಷ್ಟು ದಿನ ಅಜ್ಜಿಮನೆಯ ಅಂಗಳ ಕಂಡು ಬಂದವಳಿಗೆ ಭಾರತ ಅಂದರೆ ಎಲ್ಲರೂ ಎಲ್ಲರನ್ನೂ ನಂಬುವ ದೇಶ. ನಾನು ಹೂಂ ಅನ್ನಲೂ ಇಲ್ಲ, ಉಹೂಂ ಅನ್ನಲೂ ಇಲ್ಲ.

ಅಜ್ಜಿಯಂದಿರ ಮೇಲೆ ಈ ಗುಮಾನಿಗೆ ಇಲ್ಲಿ ಹಳೆಯ ಕಥೆಯೊಂದಿದೆ. 1990ರಲ್ಲಿ ಕನೆಟಿಕಟ್ ರಾಜ್ಯದ ಒಬ್ಬ ಅಧ್ಯಾಪಕ, ಅವನೂ ಜೀವಶಾಸ್ತ್ರದವನೇ, ತಮಾಷೆಗೆ ಒಂದು ಸಂಶೋಧನಾ ಪ್ರಬಂಧ ಬರೆದ. ವಿದ್ಯಾರ್ಥಿಗಳ ಅಜ್ಜಿಯಂದಿರು ನಡುವಿನ ಪರೀಕ್ಷೆಗೆ ಮುಂಚೆ ಸಾಯುವ ಸಂಭವ ಬೇರೆ ದಿನಗಳಿಗಿಂತ ಹತ್ತು ಪಟ್ಟು, ಕೊನೆಯ ಪರೀಕ್ಷೆಗೆ ಮುಂಚೆ ಹತ್ತೊಂಬತ್ತು ಪಟ್ಟು ಹೆಚ್ಚು ಅಂತ ಗಂಭೀರ ಮುಖದಲ್ಲಿ ಲೆಕ್ಕ ಕೊಟ್ಟ. ಮೊಮ್ಮಕ್ಕಳ ಅಂಕದ ಚಿಂತೆಯೇ ಅವರನ್ನು ಕೊಲ್ಲುತ್ತಿದೆ, ಆದ್ದರಿಂದ ಪರೀಕ್ಷೆಗಳನ್ನೇ ನಿಲ್ಲಿಸಬೇಕು, ಇಲ್ಲವೇ ಅನಾಥರಿಗೆ ಮಾತ್ರ ಪ್ರವೇಶ ಕೊಡಬೇಕು ಅಂದ. ಇದನ್ನು ಹೇಳಿದಾಗ ಅಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅವಳ ನಗು ನಿಂತದ್ದು ಇನ್ನೊಂದು ಕಟ್ಟಳೆಗೆ. ಇಲ್ಲಿನ 1974ರ ಕೇಂದ್ರ ಕಾನೂನಿನ ಪ್ರಕಾರ ಅಂಕದ ದಾಖಲೆ ವಿದ್ಯಾರ್ಥಿಗೆ ಸೇರಿದ್ದು. ಅಪ್ಪ ಅಮ್ಮ ಫೋನು ಮಾಡಿದರೆ ಪ್ರೊಫೆಸರು ಬಾಯಿ ಬಿಡುವುದಿಲ್ಲ.

"ಫೀಸು ಕಟ್ಟೋರು ನೀವು. ಮಾರ್ಕ್ಸ್ ಕೇಳೋ ಹಾಗಿಲ್ವಾ?"

"ಅವಳು ಹೇಳಿದ್ರೆ ಉಂಟು, ಇಲ್ಲಾಂದ್ರೆ ಇಲ್ಲ."

"ಚೆನ್ನಾಗಿದೆ," ಅಂದು ಅಮ್ಮ ಕಾಫಿ ಸೋಸಲು ಎದ್ದಳು.

ನಾನು ಆ ರಾತ್ರಿ ಹದಿನಾಲ್ಕು ಪುಟವನ್ನೂ ಓದಿದೆ. ಹೊಟ್ಟೆಕಿಚ್ಚು ಅಂದರೂ ಸರಿಯೇ. ಅಂಗವೈಕಲ್ಯ ಇರುವವರಿಗೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಲ್ಯಾಬಿನ ರಾಸಾಯನಿಕಗಳ ಕಾರಣಕ್ಕೆ ಗರ್ಭಿಣಿಯರು ತಮ್ಮ ವಿಷಯ ಗುಟ್ಟಾಗಿ ತಿಳಿಸಬಹುದಾದ ವ್ಯವಸ್ಥೆ, ಹಬ್ಬಗಳಿಗೆ ರಜೆ. ಓಹಾಯೊದಲ್ಲಿ 2023ರಿಂದ ಜಾರಿಯಲ್ಲಿರುವ ಕಾನೂನಿನಂತೆ ಸರ್ಕಾರಿ ವಿಶ್ವವಿದ್ಯಾಲಯಗಳು ಧಾರ್ಮಿಕ ಕಾರಣಕ್ಕೆ ಸೆಮಿಸ್ಟರಿಗೆ ಮೂರು ದಿನದವರೆಗೆ ಗೈರುಹಾಜರಿ ಒಪ್ಪಬೇಕು. ತರಗತಿ ಶುರುವಾದ ಹದಿನಾಲ್ಕು ದಿನದೊಳಗೆ ಬರೆದು ತಿಳಿಸಿದರಾಯಿತು. ಗಣಪತಿ ಹಬ್ಬವೋ ಆಯುಧಪೂಜೆಯೋ ದೀಪಾವಳಿಯೋ, ಆರಿಸಿಕೊಳ್ಳುವ ತಲೆನೋವು ನಮಗೆ ಬಿಟ್ಟದ್ದು.

ಹಂದಿಮರಿಯ ಭ್ರೂಣ ಕೊಯ್ಯುವ ಲ್ಯಾಬಿನ ಕೆಳಗೂ ಒಂದು ಸಾಲಿತ್ತು. ಮನಸ್ಸು ಒಪ್ಪದವರು ಎರಡನೇ ವಾರದೊಳಗೆ ಹೇಳಿ, ಮಾದರಿ ಇಟ್ಟುಕೊಂಡು ಕಲಿಯಬಹುದು ಅಂತ. ಭಾರತದಲ್ಲಿ ಯುಜಿಸಿ 2011ರಿಂದ ಕಡಿಮೆ ಮಾಡಿಸುತ್ತ ಬಂದು 2014ರಲ್ಲಿ ಕಾಲೇಜುಗಳಲ್ಲಿ ಪ್ರಾಣಿ ಕೊಯ್ಯುವುದನ್ನು ನಿಲ್ಲಿಸಿತು. ಆದರೆ ಶಿವಮೊಗ್ಗದಲ್ಲಿ ನಾನು ಬಿಎಸ್ಸಿಯಲ್ಲಿ ಸಿಬಿಝಡ್ (ಕೆಮಿಸ್ಟ್ರಿ, ಬಾಟನಿ, ಝುವಾಲಜಿ) ಓದುವಾಗ ಯಾರೂ ಯಾರನ್ನೂ ಕೇಳಲಿಲ್ಲ. ಕಪ್ಪೆ ಬಂತು, ಮೇಣದ ಟ್ರೇಗೆ ಗುಂಡುಪಿನ್ನು ಚುಚ್ಚಿದೆವು, ಕೊಯ್ದೆವು, ರೆಕಾರ್ಡಿನಲ್ಲಿ ಎಚ್‌ಬಿ ಪೆನ್ಸಿಲಿನಿಂದ ಚಿತ್ರ ಬರೆದು ಸಹಿ ಹಾಕಿಸಿಕೊಂಡೆವು. ಶನಿವಾರ ಮನೆಗೆ ಹೋದರೆ ಅಮ್ಮ ಬಚ್ಚಲುಮನೆ ತೋರಿಸಿಯೇ ಒಳಗೆ ಬಿಡುತ್ತಿದ್ದಳು.

ನಮಗೆ ಇಂಥದ್ದೇನೂ ಬರೆದುಕೊಟ್ಟಿರಲಿಲ್ಲ. ಪಾಠಪಟ್ಟಿ ಬೇಕಾದರೆ ಜೆರಾಕ್ಸ್ ಅಂಗಡಿಯಲ್ಲಿ ಸಿಗುತ್ತಿತ್ತು. ಕಟ್ಟಳೆಗಳು ಸೀನಿಯರುಗಳ ಬಾಯಲ್ಲಿ, ಆಫೀಸಿನ ಕ್ಲರ್ಕಿನ ತಲೆಯಲ್ಲಿ, ಪ್ರಿನ್ಸಿಪಾಲರ ಆ ದಿನದ ಮೂಡಿನಲ್ಲಿ ಇರುತ್ತಿದ್ದವು. ಎಲ್ಲರಿಗೂ ಗೊತ್ತಿದ್ದದ್ದು ಒಂದೇ, ಶೇ 75 ಹಾಜರಾತಿ. ಅಷ್ಟಿಲ್ಲದವರ ಹೆಸರು ಪರೀಕ್ಷೆಗೆ ಮುಂಚೆ ನೋಟಿಸ್ ಬೋರ್ಡಿಗೆ ಬೀಳುತ್ತಿತ್ತು.

ಎರಡನೇ ವರ್ಷ ಆ ಪಟ್ಟಿಯಲ್ಲಿ ನನ್ನ ರೂಮ್‌ಮೇಟ್ ಹೆಸರು ಬಂತು. ಹೊಸನಗರದ ಕಡೆಯವಳು. ಮಳೆಗಾಲದಲ್ಲಿ ಅಪ್ಪ ಹೋಗಿಬಿಟ್ಟಿದ್ದರು. ಇದ್ದದ್ದು ಅಮ್ಮ, ಇಬ್ಬರು ತಮ್ಮಂದಿರು, ಕೊಳೆರೋಗಕ್ಕೆ ಔಷಧಿ ಹೊಡೆಸಬೇಕಾದ ತೋಟ. ಅವಳು ವಾಪಸು ಬರುವಾಗ ನವರಾತ್ರಿ ಹತ್ತಿರವಾಗಿತ್ತು. ನಮ್ಮ ಝುವಾಲಜಿ ಮೇಡಂ ಭಾನುವಾರ ಲ್ಯಾಬಿನ ಬೀಗ ತೆಗೆಸಿ, ತಪ್ಪಿದ ಪ್ರಾಕ್ಟಿಕಲ್ಲುಗಳನ್ನೆಲ್ಲ ಅವಳಿಂದ ಮಾಡಿಸಿದರು. ಅಂಥ ಒಳ್ಳೆಯತನ ಇಲ್ಲಿ ಯಾವ ಪುಟದಲ್ಲೂ ಬರೆದಿಲ್ಲ, ಬರೆದಿಡಲೂ ಆಗದು. ಆದರೆ ಹಾಜರಾತಿ ಮೇಡಂ ಕೈಯಲ್ಲಿರಲಿಲ್ಲ.

ಅವಳ ಅಮ್ಮ ಊರಿಂದ ಬಂದು ಪ್ರಿನ್ಸಿಪಾಲರ ಕೋಣೆಯ ಮುಂದೆ ನಿಂತಿದ್ದರು. ಜೊತೆಗೆ ನಾನೂ ಇದ್ದೆ. ಒಂದು ತಾಸಾದ ಮೇಲೆ ಒಳಗೆ ಕರೆದರು. "ರೂಲ್ಸು ಅಂದ್ರೆ ರೂಲ್ಸು ಕಣಮ್ಮ. ಇವಳಿಗೆ ಬಿಟ್ರೆ ಎಲ್ಲರಿಗೂ ಬಿಡಬೇಕಾಗತ್ತೆ," ಅಂದರು. ದನಿಯೇನೂ ಒರಟಾಗಿರಲಿಲ್ಲ. ಅದೇ ವರ್ಷ ನಮ್ಮ ತರಗತಿಯ ಒಬ್ಬ ಹುಡುಗ, ಅವನಪ್ಪ ಊರಿಗೇ ಗೊತ್ತಿದ್ದ ಕಂಟ್ರಾಕ್ಟರು, ಕಾಲೇಜಿಗಿಂತ ಹೆಚ್ಚು ಕ್ರಿಕೆಟ್ ಮೈದಾನದಲ್ಲೇ ಇದ್ದವನು, ನನ್ನ ಹಿಂದಿನ ಬೆಂಚಿನಲ್ಲಿ ಕೂತು ಪರೀಕ್ಷೆ ಬರೆದ. ಅವನ ಹೆಸರು ಪಟ್ಟಿಗೆ ಬಿದ್ದಿರಲೇ ಇಲ್ಲ.

ನನ್ನ ಗೆಳತಿಯನ್ನು ಯಾರೂ ಅನುಮಾನಿಸಲಿಲ್ಲ, ಪುರಾವೆಯನ್ನೂ ಕೇಳಲಿಲ್ಲ. ಎಲ್ಲರೂ ಅಯ್ಯೋ ಪಾಪ ಅಂದರು. ಮಗಳು ಹೇಳುವ ನಂಬಿಕೆ ಇದೇ ಆದರೆ, ಕಾಗದ ಕೇಳಿ ಪರೀಕ್ಷೆ ಬರೆಸುವವರೇ ನನಗೆ ವಾಸಿ. ಹೀಗೆ ಹೇಳುವಾಗ ದನಿ ಸ್ವಲ್ಪ ಏರಿತೋ ಏನೋ, ಮಗಳು ಲ್ಯಾಪ್‌ಟಾಪ್ ಮುಚ್ಚಿ, "ಆಮೇಲೆ ಆ ಆಂಟಿ ಏನಾದ್ರು?" ಅಂತ ಕೇಳಿದಳು.

ಅವಳು ಬಿಎಸ್ಸಿ ಬಿಟ್ಟಳು. ಮದುವೆಯಾದ ಮೇಲೆ ಅಂಚೆ ತೆರಪಿನಲ್ಲಿ ಬಿಎ ಮುಗಿಸಿ, ಪರೀಕ್ಷೆ ಬರೆದು ಎಫ್‌ಡಿಎ ಆದಳು. ಈಗ ಒಂದು ಸರ್ಕಾರಿ ಕಾಲೇಜಿನ ಆಫೀಸಿನಲ್ಲಿದ್ದಾಳೆ. ಮರುದಿನ ಅವಳಿಗೆ ವಾಟ್ಸಾಪಿನಲ್ಲಿ ಹತ್ತನೇ ಪುಟದ ಫೋಟೊ ಕಳಿಸಿ, "ನೋಡೇ, ಇಲ್ಲಿ ಅಜ್ಜಿ ಸತ್ರೂ ರೂಲ್ಸು," ಅಂತ ಬರೆದೆ. ನಗುವ ಮುಖ ಬರಬಹುದು ಅಂದುಕೊಂಡಿದ್ದೆ. ಬಂದದ್ದು ಉದ್ದನೆಯ ವಾಯ್ಸ್ ಮೆಸೇಜು.

"ನಮಗೂ ಇತ್ತು ಕಣೇ. ಮನೇಲಿ ಸಾವಾದ್ರೆ, ಕಾಯಿಲೆ ಬಿದ್ರೆ, ಅರ್ಜಿ ಕೊಟ್ಟು ಫೀಸು ಕಟ್ಟಿದ್ರೆ ಹಾಜರಾತಿ ಕೊರತೆ ಮನ್ನಾ ಮಾಡ್ತಾರೆ. ಆಗ್ಲೂ ಇತ್ತಂತೆ. ಕೆಲಸಕ್ಕೆ ಸೇರಿದ ಮೇಲೆ ಹಳೇ ಸುತ್ತೋಲೆಗಳ ಫೈಲು ನೋಡ್ವಾಗ ಗೊತ್ತಾಯ್ತು. ನಮ್ಮ ಕಾಲೇಜಿನ ಕ್ಲರ್ಕು ನೆನಪಿದಾರಲ್ಲ, ರಿಟೈರ್ ಆದ್ಮೇಲೆ ಒಂದ್ ಮದುವೆ ಮನೇಲಿ ಸಿಕ್ಕಿದ್ರು. ಕೇಳೇಬಿಟ್ಟೆ. ಹೌದಮ್ಮ, ಫಾರಂ ನನ್ನ ಟೇಬಲ್ಲಲ್ಲೇ ಇತ್ತು, ನೀವು ಕೇಳಲಿಲ್ವಲ್ಲ, ಅಂದ್ರು."