ಸ್ಪೀಕರ್ ಆಫ್ ಮಾಡಿ ಊದ್ರಪ್ಪಾ!

ಇಂಡಿಯಾನಾಪೊಲಿಸ್ ಅಂದರೆ ಊರಿನವರು ಕೇಳುವುದು ಕಾರ್ ರೇಸ್ ಬಗ್ಗೆ. ನಾನು ಇಲ್ಲಿಗೆ ಬಂದು ಹನ್ನೊಂದು ವರ್ಷ ಆಯಿತು, ಆ ರೇಸ್ ಒಂದು ಸಲವೂ ನೋಡಿಲ್ಲ. ನನ್ನ ಹುಚ್ಚೇ ಬೇರೆ. ಆಗಸ್ಟ್ ಎರಡನೇ ವಾರ ಬಂದರೆ ಸಾಕು, ಪೇಟೆ ತುಂಬ ಬಿಸಿಲಿಗೆ ಬೆಂದ ಹುಡುಗ ಹುಡುಗಿಯರು ಕಾಣಿಸುತ್ತಾರೆ. ಮುಖ, ತೋಳು ಎಲ್ಲ ಕೆಂಪು ಕಪ್ಪು, ಕಾಲ್ಚೀಲ ಹಾಕುವ ಜಾಗ ಮಾತ್ರ ಬೆಳ್ಳಗೆ. ನೋಡಿದ ಕೂಡಲೇ ಗೊತ್ತಾಗುತ್ತದೆ, ಇವರು ಡ್ರಮ್ ಕೋರ್ ಮಕ್ಕಳು. (ಬರೆಯುವುದು ಕಾರ್ಪ್ಸ್, ಹೇಳುವುದು ಕೋರ್. ಮೊದಲ ವರ್ಷವೆಲ್ಲ ನಾನು ಕಾರ್ಪ್ಸ್ ಅಂತಲೇ ಹೇಳಿಕೊಂಡು ತಿರುಗಿದ್ದೆ. ಯಾರೂ ತಿದ್ದಲಿಲ್ಲ, ಸುಮ್ನೆ ನಕ್ಕರು.)

ಮೈಸೂರಿನವರಿಗೆ ಇದನ್ನು ವಿವರಿಸುವುದು ಸುಲಭ. ದಸರಾದಲ್ಲಿ ಅರಮನೆ ಮುಂದೆ ಪೊಲೀಸ್ ಬ್ಯಾಂಡ್ ನುಡಿಸುತ್ತದೆ ಅಲ್ವಾ, ಅದರಿಂದ ಕ್ಲಾರಿನೆಟ್, ಕೊಳಲು ಎಲ್ಲ ತೆಗೆದುಬಿಡಿ. ಹಿತ್ತಾಳೆ ವಾದ್ಯ ಮತ್ತು ತಾಳವಾದ್ಯ ಮಾತ್ರ ಉಳಿಸಿಕೊಳ್ಳಿ. ಜೊತೆಗೆ ಬಾವುಟ, ಮರದ ಬಂದೂಕು ಗಾಳಿಗೆ ಎಸೆದು ಹಿಡಿಯುವ ಒಂದು ದಳ. ಎಲ್ಲರೂ ಹೆಚ್ಚೆಂದರೆ 21-22 ವಯಸ್ಸಿನವರು. ಇವರು ಫುಟ್‌ಬಾಲ್ ಮೈದಾನದ ಮೇಲೆ ಓಡುತ್ತಾ, ಹಿಂದಕ್ಕೆ ಹೆಜ್ಜೆ ಹಾಕುತ್ತಾ, ಒಬ್ಬರ ನಡುವೆ ಒಬ್ಬರು ನುಸುಳುತ್ತಾ, ತುಟಿಯಿಂದ ವಾದ್ಯ ಅಲ್ಲಾಡದ ಹಾಗೆ ಊದುತ್ತಾ, ಹನ್ನೆರಡು ನಿಮಿಷದೊಳಗೆ ಒಂದು ಶೋ ಮುಗಿಸಬೇಕು. ಬೇಸಿಗೆ ಪೂರ್ತಿ ಬಸ್ಸಿನಲ್ಲಿ ಊರೂರು ತಿರುಗಾಟ, ಶಾಲೆಗಳ ಜಿಮ್ ನೆಲದ ಮೇಲೆ ನಿದ್ದೆ. ದುಡ್ಡು ಬರುವುದಲ್ಲ, ಮಕ್ಕಳೇ ಸಾವಿರಾರು ಡಾಲರ್ ಕಟ್ಟಿ ಸೇರುತ್ತಾರೆ. ನಡೆಸುವವರು ಡ್ರಮ್ ಕೋರ್ ಇಂಟರ್‌ನ್ಯಾಷನಲ್, ಎಲ್ಲರ ಬಾಯಲ್ಲಿ ಡಿಸಿಐ. ಮೊದಲ ಚಾಂಪಿಯನ್‌ಶಿಪ್ ನಡೆದದ್ದು 1972ರಲ್ಲಿ, ವಿಸ್ಕಾನ್ಸಿನ್‌ನ ವೈಟ್‌ವಾಟರ್‌ನಲ್ಲಿ. 2009ರಿಂದ ಫೈನಲ್ ನಮ್ಮ ಊರಿನ ಲ್ಯೂಕಸ್ ಆಯಿಲ್ ಸ್ಟೇಡಿಯಂನಲ್ಲಿ.

ಎರಡು ವರ್ಷದ ಹಿಂದೆ ಅಮ್ಮ ಬಂದಿದ್ದಾಗ ಸೆಮಿಫೈನಲ್‌ಗೆ ಕರೆದುಕೊಂಡು ಹೋಗಿದ್ದೆ. ಬನ್ನಿಮಂಟಪದ ಪಂಜಿನ ಕವಾಯತು ನೋಡಿ ಬೆಳೆದವರು, ಇಷ್ಟಪಡುತ್ತಾರೆ ಅಂದುಕೊಂಡೆ. ಒಂದು ತಂಡ ಬಂತು. ಚಕ್ರದ ಮೇಲೆ ತಳ್ಳಿಕೊಂಡು ಬಂದ ಎರಡಾಳೆತ್ತರದ ಚೌಕಟ್ಟುಗಳು, ಮೆಟ್ಟಿಲುಗಳು, ಇಳಿಜಾರು. ಮೈಗೆ ಅಂಟಿದ ಬಟ್ಟೆ ಹಾಕಿದ ಮಕ್ಕಳು ಅಲ್ಲಲ್ಲಿ ನೆಲದ ಮೇಲೆ ಬಿದ್ದುಕೊಂಡಿದ್ದಾರೆ. ಸ್ಪೀಕರ್‌ನಲ್ಲಿ ಯಾರೋ ಪಿಸುಗುಟ್ಟಿದರು. ಆಮೇಲೆ ಸಿಂಥಸೈಜರ್ ಅನ್ನುವ ಎಲೆಕ್ಟ್ರಾನಿಕ್ ಕೀಬೋರ್ಡ್‌ನಿಂದ ಗುಂಯ್ ಅಂತ ಒಂದು ದನಿ ಶುರುವಾಗಿ, ನನ್ನ ಕೈಲಿದ್ದ ಬಾಟಲಿಯ ನೀರು ನಡುಗಿತು. ಒಬ್ಬಳು ನಿಧಾನಕ್ಕೆ ಎದ್ದಳು. ಇನ್ನೊಬ್ಬ ಆಕಾಶದ ಕಡೆ ಕೈ ಚಾಚಿದ. ಒಂದು ನಿಮಿಷ ಹೀಗೇ ಹೋಯಿತು. ಅಮ್ಮ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು, "ಊದೋದು ಯಾವಾಗ್ಲೋ?"

ನೂರಾರು ಡಾಲರ್ ಕೊಟ್ಟು ಟಿಕೆಟ್ ತಗೊಂಡ ಹಳೇ ಅಭಿಮಾನಿಗಳೆಲ್ಲರ ಗೋಳು ಇದೇ ಒಂದು ಪ್ರಶ್ನೆ.

ಆ ಗುಂಯ್ ದನಿಗೆ ಇಲ್ಲಿಯವರು ಇಟ್ಟ ಹೆಸರು ‘ಗೂ’. ಲೊಳೆಲೊಳೆ ಅಂಟು ಅಂತ ಅರ್ಥ. ಹಿತ್ತಾಳೆಯ ಕೆಳಗಿನ ದನಿಗೆ ಒತ್ತು ಕೊಡಲಿ ಅಂತ ಸಿಂಥಸೈಜರ್‌ನಿಂದ ಬೇಸ್ ತುಂಬಿಸುತ್ತಾರೆ. ಟ್ಯೂಬಾ ಹೊತ್ತುಕೊಂಡು ಮೈದಾನದ ತುಂಬ ಓಡುವ ಹುಡುಗರು ಇದ್ದಾರಲ್ಲ, ಅವರ ದನಿ ಇದರಡಿ ಮುಚ್ಚಿಹೋಗುತ್ತದೆ. ಅದೂ ಎಂಥಾ ಹುಡುಗರು ಅಂತೀರಿ, ಆ ವಾದ್ಯ ಹೆಗಲ ಮೇಲಿಟ್ಟುಕೊಂಡು ನಾನು ಐದು ನಿಮಿಷ ನಿಲ್ಲಲಾರೆ.

ಇದೆಲ್ಲ ಒಂದೇ ದಿನ ಬಂದದ್ದಲ್ಲ. ನಮ್ಮ ಪಕ್ಕದ ಮನೆಯ ಅಜ್ಜ 1970ರ ದಶಕದಲ್ಲಿ ಒಂದು ತಂಡದಲ್ಲಿ ಊದಿದವರು. ಅವರ ಬ್ಯೂಗಲ್ ಈಗಲೂ ಹಾಲಿನ ಗೋಡೆಯ ಮೇಲಿದೆ, ಜಿ ಶ್ರುತಿಯದು, ಸ್ವರ ಬದಲಿಸಲು ಒಂದು ವಾಲ್ವ್, ಒಂದು ರೋಟರ್, ಅಷ್ಟೇ. ಆಗ ಎಲ್ಲರಿಗೂ ಅದೇ ಶ್ರುತಿ ಕಡ್ಡಾಯ. 2000ದಲ್ಲಿ ಯಾವ ಶ್ರುತಿಯಾದರೂ ಆಗಬಹುದು ಅಂತಾಯಿತು. 2004ರಲ್ಲಿ ಮೈಕ್ ಬಂತು. ಮೈದಾನದ ಮುಂದೆ ನಿಂತಲ್ಲೇ ಕೋಲಿನಿಂದ ಬಾರಿಸುವ ಮರಿಂಬಾ, ವೈಬ್ರಫೋನ್ ವಾದ್ಯಗಳ ದನಿ ಮೆತ್ತಗೆ, ಅದಕ್ಕೆ ಒಂಚೂರು ಸಹಾಯ ಅಂದರು. ಸರಿ, ಅದು ನ್ಯಾಯವೇ. 2009ರಲ್ಲಿ ಸಿಂಥಸೈಜರ್. 2014ರಲ್ಲಿ ಟ್ರೋಂಬೋನ್, ಫ್ರೆಂಚ್ ಹಾರ್ನ್ ಕೂಡ. ಬೆರಳು ತೋರಿಸಿದರೆ ಹಸ್ತ ನುಂಗುವುದು ಅಂತಾರಲ್ಲ, ಹಾಗೆ. ಅಜ್ಜ ಮಾತ್ರ ಟ್ರೋಂಬೋನ್ ಬಗ್ಗೆ ತಕರಾರು ತೆಗೆಯುವುದಿಲ್ಲ. "ಅದನ್ನಾದರೂ ಬಾಯಲ್ಲಿ ಊದುತ್ತಾರೆ" ಅನ್ನುತ್ತಾರೆ.

ನನಗೆ ಅದಕ್ಕಿಂತ ಜಾಸ್ತಿ ಸಂಕಟ ಇರುವುದು ರಾಗದ ವಿಷಯದಲ್ಲಿ. ಒಂದು ಹಾಡು ಶುರುವಾಯಿತು, ಗುರುತು ಹತ್ತಿತು, ಮನಸ್ಸು ಅದರ ಹಿಂದೆ ಹೊರಟಿತು ಅನ್ನುವಷ್ಟರಲ್ಲಿ ಕಚಕ್ ಅಂತ ಕತ್ತರಿಸಿ ಇನ್ನೇನೋ ಜೋಡಿಸುತ್ತಾರೆ. ಹುಳಿ ಅನ್ನ ಕಲಸಿ ತುತ್ತು ಬಾಯಿಗಿಡುವ ಹೊತ್ತಿಗೆ ಎಲೆ ಎಳೆದುಕೊಂಡ ಹಾಗೆ. ಮನೆಗೆ ಹೋಗುವಾಗ ಕಾರಿನಲ್ಲಿ ಗುನುಗಲು ಏನೂ ಉಳಿಯುವುದಿಲ್ಲ. ಸಾಲದ್ದಕ್ಕೆ ಶೋಗೆ ಒಂದು ‘ಥೀಮ್’ ಬೇರೆ. ಬೆಳಕು, ನೆನಪು, ಗಡಿ, ಉಸಿರು ಅಂತ ಏನೋ. ಅದು ಅರ್ಥವಾಗಲಿ ಅಂತ ಸ್ಪೀಕರ್‌ನಲ್ಲಿ ಮಾತು. ಹೇಳಿಯೇ ತಿಳಿಸಬೇಕು ಅಂದರೆ ಊದುವುದು ಯಾಕೆ?

2008ರಲ್ಲಿ ರಾಕ್‌ಫರ್ಡ್‌ನ ಫ್ಯಾಂಟಮ್ ರೆಜಿಮೆಂಟ್ ತಂಡ ಸ್ಪಾರ್ಟಕಸ್ ಕಥೆ ಮಾಡಿತ್ತು. ಆ ವರ್ಷದ ಫೈನಲ್ ಇಲ್ಲಿಂದ ಒಂದು ಗಂಟೆ ದಾರಿಯ ಬ್ಲೂಮಿಂಗ್ಟನ್‌ನಲ್ಲಿ. ನಾನಾಗ ಬೆಂಗಳೂರಿನಲ್ಲಿದ್ದೆ, ನೋಡಿದ್ದೆಲ್ಲ ವಿಡಿಯೋದಲ್ಲಿ. ಗುಲಾಮರು ದಂಗೆ ಎದ್ದರು, ಅಷ್ಟೇ ಕಥೆ. ಹತ್ತನೇ ಸಾಲಿನಲ್ಲಿ ಕೂತವರಿಗೂ ಅರ್ಥವಾಗುತ್ತದೆ. ಕೊನೆಗೆ ಎದುರಾಳಿ ತಂಡ ಬ್ಲೂ ಡೆವಿಲ್ಸ್‌ಗಿಂತ 0.025 ಅಂಕ ಮುಂದೆ ಬಂದು ಗೆದ್ದರು. ಆ ವಿಡಿಯೋದಲ್ಲಿ ಜನ ಕಿರುಚುವುದನ್ನು ಕೇಳಿಯೇ ನನಗೆ ಈ ಹುಚ್ಚು ಹಿಡಿದದ್ದು.

ಈಗ ಯಾಕೆ ಹೀಗಾಯಿತು ಅಂದರೆ ನನ್ನ ಲೆಕ್ಕ ಇಷ್ಟು. ಒಟ್ಟು 100 ಅಂಕದಲ್ಲಿ 40 ‘ಜನರಲ್ ಎಫೆಕ್ಟ್’ಗೆ (ಅಂದರೆ ಶೋ ಒಟ್ಟಾರೆ ಎಷ್ಟು ಪರಿಣಾಮ ಬೀರಿತು ಅನ್ನುವುದಕ್ಕೆ), 30 ಸಂಗೀತಕ್ಕೆ, 30 ನೋಟಕ್ಕೆ. ಎಫೆಕ್ಟ್ ಅಳೆಯುವ ತೀರ್ಪುಗಾರರು ಕೂರುವುದು ಮೇಲೆ, ಪ್ರೆಸ್ ಬಾಕ್ಸ್ ಕಡೆ. ಡಿಸೈನ್ ಮಾಡುವವರು ಅವರ ಕಣ್ಣಿಗೆ ಬರೆಯುತ್ತಾರೆ, ನಮ್ಮ ಕಿವಿಗಲ್ಲ. 2016ರಲ್ಲಿ ಒಹಾಯೊದ ಬ್ಲೂಕೋಟ್ಸ್ ತಂಡದವರು ಟೋಪಿ, ಕುಚ್ಚು ಎಲ್ಲ ಬಿಟ್ಟು, ಇಳಿಜಾರುಗಳ ಮೇಲೆ ಆಡಿ ಗೆದ್ದರು. ಅದು ನಿಜಕ್ಕೂ ಚೆಂದ ಇತ್ತು, ಜನರೂ ಕುಣಿದರು. ತೊಂದರೆ ಅದಲ್ಲ. ಅದಾದ ಮೇಲೆ ಎಲ್ಲರಿಗೂ ಇಳಿಜಾರು ಬೇಕು, ಎಲ್ಲರಿಗೂ ಮೈಗಂಟಿದ ಬಟ್ಟೆ ಬೇಕು. ಮೊದಲು ಸಮವಸ್ತ್ರ ನೋಡಿದರೆ ಯಾವ ತಂಡ ಅಂತ ಹೇಳಬಹುದಿತ್ತು. ಈಗ ಬೋರ್ಡ್ ಓದಬೇಕು.

ಇದನ್ನೆಲ್ಲ ಮನೆಯಲ್ಲಿ ಹೇಳಿದರೆ ಮಗಳು ಜಗಳಕ್ಕೆ ಬರುತ್ತಾಳೆ. ಹೈಸ್ಕೂಲ್ ಬ್ಯಾಂಡ್‌ನಲ್ಲಿ ಮೆಲೊಫೋನ್ ಊದುತ್ತಾಳೆ, ಅವಳಿಗೆ ಈಗಿನದೇ ಇಷ್ಟ. "ಅಪ್ಪಾ, ನೀನು ಒಂದ್ಸಲ ಬಗ್ಗಿ, ಎದ್ದು, ತಿರುಗಿ, ಅದೇ ಹೊತ್ತಿಗೆ ಸರಿಯಾಗಿ ಊದಿ ತೋರಿಸು, ಆಮೇಲೆ ಮಾತಾಡು" ಅನ್ನುತ್ತಾಳೆ. ಅವಳ ಮಾತಿನಲ್ಲಿ ಸುಳ್ಳಿಲ್ಲ. ಇವತ್ತಿನ ಮಕ್ಕಳ ಕಸುಬು ಹಳೇ ವಿಡಿಯೋಗಳಲ್ಲಿ ಕಾಣುವುದಕ್ಕಿಂತ ಎಷ್ಟೋ ಮೇಲೆ. ಇನ್ನೊಂದೂ ಹೇಳಿಬಿಡಬೇಕು. 1993ರಲ್ಲಿ ಇದೇ ಇಂಡಿಯಾನಾದ ಸ್ಟಾರ್ ಆಫ್ ಇಂಡಿಯಾನಾ ತಂಡ ಬಾರ್ಬರ್, ಬಾರ್ಟೋಕ್ ಅನ್ನುವ ಇಪ್ಪತ್ತನೇ ಶತಮಾನದ ಸಂಗೀತ ರಚನೆಕಾರರ ಸಂಗೀತ ತಗೊಂಡು ಶೋ ಮಾಡಿದಾಗ ಏನೂ ಅರ್ಥವಾಗಲ್ಲ ಅಂತ ಜನ ಗೇಲಿ ಕೂಗಿದ್ದರು. ಇವತ್ತು ಅದೇ ಶೋ ನೆನೆದು ಹಳಬರು ಕಣ್ಣೊರೆಸಿಕೊಳ್ಳುತ್ತಾರೆ. ಪಕ್ಕದ ಮನೆ ಅಜ್ಜನೂ! ನಾನು ಕಿಚಾಯಿಸಿದರೆ, "ಅವರ ಹತ್ತಿರ ಸ್ಪೀಕರ್ ಇರಲಿಲ್ಲ" ಅಂತಾರೆ. ಉಡುಪಿ ಕಡೆಯ ಗೆಳೆಯನೊಬ್ಬ ಇದನ್ನೆಲ್ಲ ಕೇಳಿ, "ನಮ್ಮಲ್ಲಿ ಯಕ್ಷಗಾನಕ್ಕೂ ಇದೇ ಜಗಳ ಮಾರಾಯ" ಅಂದ.

ಆ ಸೆಮಿಫೈನಲ್ ದಿನವೇ ಒಂದು ವಿಷಯ ನಡೆಯಿತು. ತಂಡದ ಹೆಸರು ಬೇಡ. ಒಬ್ಬಳು ಹುಡುಗಿ ಟ್ರಂಪೆಟ್ ಹಿಡಿದು ಮೈಕ್ ಮುಂದೆ ಬಂದು ಒಂಟಿಯಾಗಿ ಊದಲು ಶುರು ಮಾಡಿದಳು. ಎರಡು ಸಾಲು ಆಗಿತ್ತು, ಸ್ಪೀಕರ್ ಪಟ್ ಅಂತ ಸತ್ತುಹೋಯಿತು. ಮಿಕ್ಸರ್ ಹತ್ತಿರ ಇಬ್ಬರು ವೈರ್ ಹಿಡಿದು ಒದ್ದಾಡುತ್ತಿದ್ದರು. ಹುಡುಗಿ ನಿಲ್ಲಿಸಲಿಲ್ಲ. ಮೈಕ್ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದು, ವಾದ್ಯದ ಬಾಯಿ ಮೇಲಕ್ಕೆತ್ತಿ ಊದಿದಳು. ಆ ಸ್ಟೇಡಿಯಂನಲ್ಲಿ ದನಿ ಹಿಂದಿನ ಗೋಡೆಗೆ ಬಡಿದು ವಾಪಸ್ ಬರುತ್ತದೆ, ಎಲ್ಲ ಕಲಸುಮೇಲೋಗರ ಆಗುತ್ತದೆ ಅಂತ ದಿನಾ ಬೈಯುವವನು ನಾನು. ಅವತ್ತು ತೆಳ್ಳಗೆ, ಒಂದು ಗೆರೆ ಎಳೆದ ಹಾಗೆ ನಮ್ಮ ಸಾಲಿಗೆ ಬಂತು. ಸುತ್ತ ಕೂತವರು ಪಾಪ್‌ಕಾರ್ನ್ ಜಗಿಯುವುದನ್ನೂ ನಿಲ್ಲಿಸಿದರು. ಆಮೇಲೆ ಸ್ಪೀಕರ್ ಸರಿಹೋಯಿತು, ಗುಂಯ್ ವಾಪಸ್ ಬಂತು.

ಮಾರನೇ ದಿನ ಫೈನಲ್. ಅಮ್ಮ ಬರಲ್ಲ ಅಂದರು, "ಎದೆ ನಡುಗತ್ತೆ ಕಣೋ, ಆ ಶಬ್ದಕ್ಕೆ." ಒಳಗೆ ಬೇಡ, ಹೊರಗೇ ನೋಡೋಣ ಬನ್ನಿ ಅಂತ ಹೊರಡಿಸಿದೆ. ಶೋಗೆ ಮುಂಚೆ ತಂಡಗಳು ಹೊರಗಿನ ಪಾರ್ಕಿಂಗ್ ಲಾಟ್‌ನಲ್ಲಿ ಗಂಟಲು ಬಿಸಿ ಮಾಡಿಕೊಳ್ಳುತ್ತವೆ. ಅಲ್ಲಿ ಮೆಟ್ಟಿಲಿಲ್ಲ, ಚೌಕಟ್ಟಿಲ್ಲ, ಟಿಕೆಟ್ಟೂ ಇಲ್ಲ. ಎಂಬತ್ತು ಮಕ್ಕಳು ಅರ್ಧಚಂದ್ರದ ಹಾಗೆ ನಿಂತಿದ್ದರು, ಡಾಂಬರಿನಿಂದ ಇನ್ನೂ ಬಿಸಿ ಏಳುತ್ತಿತ್ತು. ಮುಂದೆ ನಿಂತವನು ಕೈ ಎತ್ತಿದ. ಎಲ್ಲರೂ ಒಟ್ಟಿಗೆ ಉಸಿರೆಳೆದುಕೊಂಡದ್ದು ಕೇಳಿಸಿತು. ಆಮೇಲೆ ಒಂದೇ ಒಂದು ಸ್ವರಮೇಳ, ಮೆಲ್ಲಗೆ ಶುರುವಾಗಿ, ಬೆಳೆದು, ನಮ್ಮ ಅಂಗಿಯನ್ನು ಎದೆಗೆ ಒತ್ತುವಷ್ಟಾಗಿ, ನಿಂತಿತು.

ಅಮ್ಮ ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದರು.

ನನ್ನ ಜೇಬಿನಲ್ಲಿ ಫೈನಲ್ ಟಿಕೆಟ್ ಇತ್ತು. ಗೇಟು ತೆಗೆದಿದ್ದರು. "ಅಮ್ಮ, ಮಗಳು ಬಂದು ನಿಮ್ಮನ್ನ ಮನೆಗೆ ಬಿಡ್ತಾಳೆ, ನಾನು ಒಳಗೆ ಹೋಗ್ಲಾ?" ಅಂದೆ.

"ಇರೋ, ಇನ್ನೊಂದ್ಸಲ ಊದ್ತಾರೇನೋ" ಅಂದರು.