ತಾತ್ಸಾರಕ್ಕೆ ದನಿ ಬೇಕಿಲ್ಲ

ಬೈಗುಳಕ್ಕಿಂತ ತಾತ್ಸಾರ ಜಾಸ್ತಿ ನೋಯಿಸುತ್ತದೆ. ಬೈಯುವವರು ಕಡೇಪಕ್ಷ ಎದುರಿಗಿರುವವರ ಮುಖ ನೋಡುತ್ತಾರೆ. ತಾತ್ಸಾರ ಮಾಡುವವರು ಅದನ್ನೂ ನೋಡುವುದಿಲ್ಲ. ಅಸಡ್ಡೆ ಬೇರೆ. ಅದು 'ಅಶ್ರದ್ಧೆ'ಯಿಂದ ಬಂದ ಮಾತು. ಓದಿನ ಬಗ್ಗೆ, ಆರೋಗ್ಯದ ಬಗ್ಗೆಯೂ ಅಸಡ್ಡೆ ಇರಬಹುದು. ಆದರೆ ಮನುಷ್ಯರನ್ನು ತಾತ್ಸಾರದಿಂದ ಕಾಣುವಾಗ 'ನೀನು ನನಗಿಂತ ಕೀಳು' ಅನ್ನೋ ಲೆಕ್ಕ ಒಳಗೆ ಇದ್ದೇ ಇರುತ್ತದೆ.

ನಮ್ಮ ಬೀದಿ ಗುಡಿಸುವ ಅಮ್ಮನಿಗೆ ಇದರ ಪರಿಚಯ ಚೆನ್ನಾಗಿದೆ. ಸೆಪ್ಟೆಂಬರ್ 23ರ ಪೌರಕಾರ್ಮಿಕರ ದಿನ ಇಂಥವರಿಗೆ ಶಾಲು ಹೊದಿಸುತ್ತಾರೆ, ಸಂತೋಷ. ಉಳಿದ ದಿನ ಅವರು ನೀರು ಕೇಳಿದರೆ ಬೇರೆ ಲೋಟ ಹುಡುಕುವ ಮನೆಗಳಿವೆ. ಅಜ್ಜಿಯ ವಯಸ್ಸಿನವರನ್ನು ಚಿಕ್ಕ ಮಕ್ಕಳೂ 'ಏಯ್, ಬಾ ಇಲ್ಲಿ' ಅಂತ ಕರೆಯುತ್ತಾರೆ. ಆ ಮಕ್ಕಳಿಗೆ ಹುಟ್ಟಿನಿಂದ ಬಂದದ್ದಲ್ಲ ಇದು. ಮನೆಯ ದೊಡ್ಡವರನ್ನು ನೋಡಿಯೇ ಕಲಿತದ್ದು, ಅಲ್ವಾ?